ಕೆಂಪು ದೀಪ ಹೊತ್ತಿದ ರಾತ್ರಿ ಇನ್‌ಚಾರ್ಜ್ ಸಿಸ್ಟರ್ ಯಾರ ಜೊತೆ ನಿಲ್ಲುತ್ತಾರೆ?

ಮಲ್ಲಿಗೆಮೊಗ್ಗು, ಮೈಸೂರು
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ನರ್ಸ್ ಆಗಿ ಹದಿಮೂರು ವರ್ಷವಾಯಿತು. ಈಗ ಖಾಸಗಿ ಆಸ್ಪತ್ರೆಯೊಂದರಲ್ಲಿ 32 ಹಾಸಿಗೆಗಳ ಮೆಡಿಕಲ್ ವಾರ್ಡಿನ ಇನ್‌ಚಾರ್ಜ್. ಮುಂದಿನ ತಿಂಗಳು ನಮ್ಮ ವಾರ್ಡಿಗೆ ಕೃತಕ ಬುದ್ಧಿಮತ್ತೆಯ ಎಚ್ಚರಿಕೆ ವ್ಯವಸ್ಥೆ ಬರುತ್ತಿದೆ. ಹಾಸಿಗೆಯ ಅಡಿಯಲ್ಲಿ ಇಟ್ಟ ತೆಳು ಹಾಳೆ ರೋಗಿಯ ನಾಡಿ, ಉಸಿರಾಟವನ್ನು ಎಣಿಸುತ್ತಿರುತ್ತದೆ. ಸ್ಥಿತಿ ಕೆಡುತ್ತಿದೆ ಎಂದು ಲೆಕ್ಕ ಹಾಕಿದರೆ ನರ್ಸಿಂಗ್ ಸ್ಟೇಷನ್ನಿನ ಪರದೆಯಲ್ಲಿ ಹಳದಿ, ಆಮೇಲೆ ಕೆಂಪು. ಈ ಬಾರಿ ಸಿಬ್ಬಂದಿಯ ಮುಂದೆ ನಿಂತು ಅದನ್ನು ಪರಿಚಯಿಸಬೇಕಾದವಳು ನಾನು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಇಂಥ ವ್ಯವಸ್ಥೆಯನ್ನು ಇದಕ್ಕೆ ಮೊದಲು ಎರಡು ಕಡೆ ಕಂಡಿದ್ದೇನೆ. ಮೊದಲನೆಯ ಆಸ್ಪತ್ರೆಯಲ್ಲಿ ಒಂದು ಸೋಮವಾರ ಸುತ್ತೋಲೆ ಬಂತು. ಮಧ್ಯಾಹ್ನ ಕಂಪನಿಯವರು ಬಂದು ಮುಕ್ಕಾಲು ಗಂಟೆ ವಿವರಿಸಿದರು. ಕೇಳಿಸಿಕೊಂಡವರು ಹಗಲು ಪಾಳಿಯವರು ಮಾತ್ರ. ರಾತ್ರಿಯವರಿಗೆ ಪಾಳಿ ಬದಲಾಗುವ ಹ್ಯಾಂಡೋವರ್ ಹೊತ್ತಿನಲ್ಲಿ ಎರಡು ಮಾತು. ಮೂರನೆಯ ವಾರ, ರಾತ್ರಿ ಎರಡೂವರೆಯ ಸುಮಾರಿಗೆ 14ನೇ ಹಾಸಿಗೆಗೆ ಕೆಂಪು ಬಂತು. ಅಲ್ಲಿದ್ದವರು ಎಪ್ಪತ್ತು ದಾಟಿದ ಅಜ್ಜ. ನಲವತ್ತು ವರ್ಷ ಬೀಡಿ ಸೇದಿ ಶ್ವಾಸಕೋಶ ಸೋತಿತ್ತು. ಒಳ್ಳೆಯ ದಿನದಲ್ಲೂ ಅವರ ಆಮ್ಲಜನಕದ ಮಟ್ಟ 90 ದಾಟುತ್ತಿರಲಿಲ್ಲ. ಹೋಗಿ ನೋಡಿದೆ, ಮಾತನಾಡಿಸಿದೆ, ಉಸಿರು ಎಣಿಸಿದೆ. ಸಂಜೆಗೂ ಆಗಿಗೂ ವ್ಯತ್ಯಾಸವಿರಲಿಲ್ಲ. ಅರ್ಧ ಗಂಟೆಗೊಮ್ಮೆ ನೋಡುವುದಾಗಿ ಬರೆದಿಟ್ಟೆ, ಹಾಗೆಯೇ ನೋಡಿದೆ. ಡ್ಯೂಟಿ ಡಾಕ್ಟರನ್ನು ಎಬ್ಬಿಸಲಿಲ್ಲ.

ಬೆಳಿಗ್ಗೆ ಎಲ್ಲರ ಎದುರು ಇನ್‌ಚಾರ್ಜ್ ಕೇಳಿದರು: ‘ಕಂಪ್ಯೂಟರ್ ಕೆಂಪು ತೋರಿಸುತ್ತಿದ್ದರೂ ಫೋನ್ ಮಾಡದಿರಲು ನೀನು ಯಾರು?’ ಅಜ್ಜ ಹೇಗಿದ್ದಾರೆ ಎಂದು ಕೇಳಲಿಲ್ಲ. ಅವರು ಆರಾಮವಾಗಿ ಕುಳಿತು ಕಾಫಿ ಕುಡಿಯುತ್ತಿದ್ದರು. ನಾನು ಲಿಖಿತ ವಿವರಣೆ ಕೊಟ್ಟೆ.

ಅಂದಿನಿಂದ ನಾವೆಲ್ಲರೂ ಪ್ರತಿ ಕೆಂಪಿಗೂ ಫೋನ್ ಮಾಡತೊಡಗಿದೆವು. ಹದಿನೈದು ದಿನಗಳಲ್ಲಿ ಡಾಕ್ಟರರು ಫೋನ್ ಎತ್ತುವುದು ತಡವಾಗತೊಡಗಿತು. ತಿಂಗಳು ತುಂಬುವುದರೊಳಗೆ ಪರದೆಯ ಧ್ವನಿಯನ್ನು ಯಾರೋ ತಗ್ಗಿಸಿದ್ದರು, ಮತ್ತೆ ಯಾರೂ ಏರಿಸಲಿಲ್ಲ. ಆ ವಾರ್ಡಿನಲ್ಲಿ ಯಾರನ್ನಾದರೂ ಕೇಳಿದ್ದರೆ ‘ಈ ಎಐ ಎಲ್ಲ ದಂಡ’ ಎನ್ನುತ್ತಿದ್ದರು. ನಾನೂ ಅದನ್ನೇ ಹೇಳಿಕೊಂಡು ತಿರುಗಿದೆ.

ಎರಡನೆಯ ಆಸ್ಪತ್ರೆಯಲ್ಲಿ ಬಂದ ಯಂತ್ರ ಇದಕ್ಕಿಂತ ಜಾಣವೇನೂ ಆಗಿರಲಿಲ್ಲ. ಆದರೆ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಮೊದಲ ದಿನವೇ ಮೂರು ಪಾಳಿಗಳಿಗೂ ಬಂದು ಹೇಳಿದರು: ‘ಕೆಂಪು ಬಂದರೆ ಮೊದಲು ರೋಗಿಯ ಹತ್ತಿರ ಹೋಗಿ. ಕಂಡದ್ದನ್ನು ಬರೆಯಿರಿ. ಯಂತ್ರ ಒಂದು ಹೇಳಿ ನಿಮಗೆ ಇನ್ನೊಂದು ಅನ್ನಿಸಿದರೆ ನನಗೆ ಫೋನ್ ಮಾಡಿ, ಎಷ್ಟು ಹೊತ್ತಾದರೂ ಸರಿ.’ ನಾನು ಒಮ್ಮೆ ಬೆಳಗಿನ ಜಾವ ನಾಲ್ಕಕ್ಕೆ ಮಾಡಿದೆ. ಎತ್ತಿದರು. ಆರು ತಿಂಗಳಲ್ಲಿ ಅದೇ ನಾನು ಹೊಸ ಹುಡುಗಿಯರಿಗೆ ಆ ಪರದೆಯನ್ನು ಓದುವುದು ಕಲಿಸುತ್ತಿದ್ದೆ.

ನನ್ನ ಮನಸ್ಸು ಬದಲಾದದ್ದು ಯಂತ್ರದಿಂದಲ್ಲ, ಆ ನಾಲ್ಕು ಗಂಟೆಯ ಫೋನಿನಿಂದ. ನೀವು ಇಂಥ ಜಾಗದಲ್ಲಿ ನಿಂತವರಾದರೆ, ಮೊದಲ ವಾರ ಏನು ಮಾಡಿದಿರಿ?

ಘಟ್ಟದದಾರಿ, ಮಲೆನಾಡಿನ ತಾಲ್ಲೂಕು ಆಸ್ಪತ್ರೆ
ಭಾನುವಾರ, ರಾತ್ರಿ 11:05

ಸಿಸ್ಟರ್, ನಮ್ಮದು ಸರ್ಕಾರಿ ಆಸ್ಪತ್ರೆ. ನಮ್ಮಲ್ಲಿ ಹೃದಯ ಜ್ಯೋತಿ ಯೋಜನೆಯ ಇಸಿಜಿ ಯಂತ್ರ ಬಂದಾಗ ನಡೆದದ್ದನ್ನು ಹೇಳುತ್ತೇನೆ. ಗೊತ್ತಿಲ್ಲದವರಿಗೆ: ಎದೆನೋವೆಂದು ಬಂದವರ ಇಸಿಜಿಯನ್ನು ನಾವು ತೆಗೆಯುತ್ತೇವೆ, ಅದು ಅಂತರ್ಜಾಲದ ಮೂಲಕ ಹೋಗುತ್ತದೆ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಅದನ್ನು ಓದಿ ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಹೃದಯಾಘಾತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಇಲ್ಲೇ ಉಚಿತವಾಗಿ ಕೊಟ್ಟು, ಜಯದೇವದಂಥ ದೊಡ್ಡ ಕೇಂದ್ರಕ್ಕೆ ಕಳಿಸುತ್ತೇವೆ. ಘಟ್ಟದ ರಸ್ತೆಯಲ್ಲಿ ಎರಡು ಮೂರು ಗಂಟೆ ಕಳೆಯುವ ನಮ್ಮ ರೋಗಿಗಳಿಗೆ ಇದು ಎಂಥ ವಿಷಯ ಎಂದು ಬೇರೆ ಹೇಳಬೇಕಿಲ್ಲ.

ಆದರೂ ಮೊದಲಿಗೆ ನಾವು ಹಿಂಜರಿದೆವು. ಯಂತ್ರಕ್ಕೆ ಅಂಜಿದ್ದಲ್ಲ. ಎದೆಯ ಮೇಲೆ ಹಚ್ಚುವ ಲೀಡ್ (ಇಸಿಜಿಯ ತಂತಿ) ಒಂದು ಬೆರಳು ಅತ್ತಿತ್ತ ಆದರೆ ಚಿತ್ರವೇ ಬದಲಾಗುತ್ತದೆ, ಕಂಪ್ಯೂಟರ್ ತಪ್ಪು ಓದಿದರೆ ‘ಸಿಸ್ಟರ್ ಸರಿಯಾಗಿ ಹಚ್ಚಿಲ್ಲ’ ಎನ್ನುತ್ತಾರೆ ಎಂಬ ಭಯ. ಇನ್ನೊಂದು ಸಂಗತಿಯನ್ನು ಯಾವ ತರಬೇತಿಯವರೂ ಕೇಳಿರಲಿಲ್ಲ. ನಮ್ಮ ತುರ್ತು ಕೋಣೆಯಲ್ಲಿ ಪರದೆ ಬಟ್ಟೆ ಹರಿದಿತ್ತು. ಹೆಂಗಸರ ರವಿಕೆ ಬಿಚ್ಚಿಸಿ ಇಸಿಜಿ ತೆಗೆಯುವುದು ಹೇಗೆ? ಎಷ್ಟೋ ಸಲ ಲೀಡುಗಳು ಸರಿಯಾದ ಜಾಗದಲ್ಲಿ ಕೂರದಿರಲು ಅದೇ ಕಾರಣ.

ನಮ್ಮ ಹಿರಿಯ ಶುಶ್ರೂಷಾಧಿಕಾರಿ ಅಕ್ಕ ಮೊದಲು ಮಾಡಿದ ಕೆಲಸ, ಆ ಪರದೆ ಹೊಲಿಸಿದ್ದು. ಆಮೇಲೆ ಬಾಗಿಲು ಹಾಕಿ, ತಾವೇ ಮಂಚದ ಮೇಲೆ ಮಲಗಿ, ನಮ್ಮೆಲ್ಲರ ಕೈಯಲ್ಲಿ ತಮ್ಮ ಇಸಿಜಿ ತೆಗೆಸಿದರು. ಪಕ್ಕೆಲುಬಿನ ನಡುವಿನ ಜಾಗವನ್ನು ಬೆರಳಿನಲ್ಲಿ ಎಣಿಸುವುದನ್ನು ಹಾಗೆ ಕಲಿತೆವು. ಮೂರನೆಯದಾಗಿ, ನಾವು ಕಳಿಸಿದ ಪ್ರತಿ ರೋಗಿ ಆಮೇಲೆ ಏನಾದರು ಎಂದು ಅಕ್ಕ ಫೋನ್ ಮಾಡಿ ತಿಳಿದು, ನಮಗೆ ಹೇಳುತ್ತಿದ್ದರು. ಗ್ಯಾಸ್ಟ್ರಿಕ್ ಎಂದುಕೊಂಡು ಬಂದಿದ್ದ ಅಡಿಕೆ ತೋಟದ ಕೆಲಸದವರೊಬ್ಬರು ವಾರದ ನಂತರ ನಡೆದು ಮನೆಗೆ ಹೋದರು ಎಂದು ಕೇಳಿದ ದಿನ, ನಮ್ಮಲ್ಲಿ ಅತಿ ಹೆಚ್ಚು ಗೊಣಗುತ್ತಿದ್ದ ಸಹೋದ್ಯೋಗಿ ಆ ಯಂತ್ರವನ್ನು ತಾವೇ ಒರೆಸಿ ಇಟ್ಟರು.

ಹನ್ನೆರಡುಗಂಟೆ, ಬೆಂಗಳೂರು, ಐಸಿಯು
ಸೋಮವಾರ, ಬೆಳಿಗ್ಗೆ 8:15

ಇಬ್ಬರ ಮಾತನ್ನೂ ಗೌರವಿಸುತ್ತೇನೆ. ಆದರೆ ಎಐ ಚರ್ಚೆ ಬಂದಾಗಲೆಲ್ಲ ಕೇಳಿಬರುವ ‘ನರ್ಸ್‌ಗಳ ಮನೋಭಾವ’ ಎಂಬ ಮಾತೇ ನನಗೆ ಒಪ್ಪಿಗೆಯಿಲ್ಲ. ಆಡಳಿತದವರು ಈ ಪದ ಬಳಸುವಾಗ ಸಮಸ್ಯೆ ನಮ್ಮ ತಲೆಯೊಳಗಿದೆ ಎಂದು ಸೂಚಿಸುತ್ತಾರೆ. ಸಮಸ್ಯೆ ಡ್ಯೂಟಿ ರೋಸ್ಟರ್‌ನಲ್ಲಿದೆ. ಸಾಮಾನ್ಯ ಆಸ್ಪತ್ರೆಯಲ್ಲಿ ಐದು ಹಾಸಿಗೆಗೆ ಒಬ್ಬರು, ಬೋಧನಾ ಆಸ್ಪತ್ರೆಯಲ್ಲಿ ಮೂರಕ್ಕೆ ಒಬ್ಬರು ಎನ್ನುವುದು ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ. ನಿಮ್ಮ 32 ಹಾಸಿಗೆಗೆ ರಾತ್ರಿ ಎಷ್ಟು ಮಂದಿ, ಸಿಸ್ಟರ್?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಎಂಬುದಕ್ಕೆ 2004ರಿಂದ ಕಾನೂನೇ ಜಾರಿಯಲ್ಲಿದೆ. ಅಂಥ ಕಡೆಯೂ 2024ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನರ್ಸ್‌ಗಳು ಆಸ್ಪತ್ರೆಯೆದುರು ಫಲಕ ಹಿಡಿದು ನಿಂತರು. ಪರೀಕ್ಷೆಗೆ ಒಳಪಡದ ಎಐ ನಮ್ಮ ರೋಗಿಗಳ ಮೇಲೆ ಬೇಡ, ನಮ್ಮ ಬದಲಿಗೆ ಬೇಡ ಎಂಬುದು ಅವರ ಬೇಡಿಕೆ. ಅವರನ್ನು ತಂತ್ರಜ್ಞಾನಕ್ಕೆ ಅಂಜುವವರು ಎನ್ನಬಹುದೇ? ಆಸ್ಪತ್ರೆ ದಾಖಲೆಗಳ ಸಾಫ್ಟ್‌ವೇರ್ ಮಾಡುವ ಎಪಿಕ್ ಕಂಪನಿಯ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳೇ ಕೆಡುವ ಸ್ಥಿತಿ) ಎಚ್ಚರಿಕೆ ಆ ದೇಶದ ನೂರಾರು ಆಸ್ಪತ್ರೆಗಳಲ್ಲಿ ಓಡುತ್ತಿತ್ತು. 2021ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಸ್ವತಂತ್ರವಾಗಿ ಪರೀಕ್ಷಿಸಿ ನೋಡಿದರು. ಸೆಪ್ಸಿಸ್ ಆದ ರೋಗಿಗಳಲ್ಲಿ ಶೇ. 67ರಷ್ಟು ಮಂದಿಯನ್ನು ಅದು ಗುರುತಿಸಿಯೇ ಇರಲಿಲ್ಲ. ಆದರೂ ಒಟ್ಟು ದಾಖಲಾತಿಗಳಲ್ಲಿ ಶೇ. 18ರಷ್ಟಕ್ಕೆ ಎಚ್ಚರಿಕೆ ಕೊಟ್ಟಿತ್ತು. ಅಂಥ ಯಂತ್ರದ ಮುಂದೆ ಅನುಮಾನಪಟ್ಟ ನರ್ಸ್ ಸರಿಯಾಗಿಯೇ ಇದ್ದಳು. ಒಳ್ಳೆಯ ನಾಯಕಿ ಅವಳ ಅನುಮಾನವನ್ನು ಕರಗಿಸಿದ್ದರೆ ರೋಗಿಗೆ ಕೇಡೇ ಆಗುತ್ತಿತ್ತು.

ನಾಯಕತ್ವ ಎಂದರೆ ನಮ್ಮನ್ನು ಒಪ್ಪಿಸುವುದು ಎಂದಾದರೆ, ಅಂಥ ನಾಯಕತ್ವ ನನಗೆ ಬೇಡ.

ಪಾಠದಕೋಣೆ, ಮಂಗಳೂರು
ಸೋಮವಾರ, ಮಧ್ಯಾಹ್ನ 1:30

ಹನ್ನೆರಡುಗಂಟೆ ಸರ್ ಎತ್ತಿದ ಕೊನೆಯ ಮಾತು ಮುಖ್ಯ. ನಾನು ನರ್ಸಿಂಗ್ ಕಾಲೇಜಿನಲ್ಲಿ ಆಡಳಿತ ವಿಷಯ ಪಾಠ ಮಾಡುತ್ತೇನೆ. ನಾಯಕತ್ವ ಮತ್ತು ಎಐ ಕುರಿತ ಪ್ರಬಂಧಗಳನ್ನು ವಿದ್ಯಾರ್ಥಿಗಳು ತಂದಾಗ ನಾನು ಮೊದಲು ಕೇಳುವುದು, ‘ಪ್ರಶ್ನಾವಳಿಯಲ್ಲಿ ಏನಿತ್ತು?’ ಒಂದೇ ಹಾಳೆಯಲ್ಲಿ ‘ನಿಮ್ಮ ಮೇಲ್ವಿಚಾರಕರು ಹೇಗೆ?’ ಮತ್ತು ‘ಎಐ ಬಗ್ಗೆ ನಿಮಗೆ ಏನನ್ನಿಸುತ್ತದೆ?’ ಎಂದು ಕೇಳಿದರೆ, ಕೆಲಸದಲ್ಲಿ ನೆಮ್ಮದಿಯಿರುವವರು ಎರಡಕ್ಕೂ ಒಳ್ಳೆಯ ಅಂಕ ಕೊಡುತ್ತಾರೆ. ಅದರಿಂದ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು.

ನನಗೆ ಹೆಚ್ಚು ಕಲಿಸಿದ ಅಧ್ಯಯನದಲ್ಲಿ ಎಐ ಇಲ್ಲವೇ ಇಲ್ಲ. ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆ ವಾರ್ಡುಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ಮುಂದಾಳುಗಳಿರುವ ವಾರ್ಡಿನಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದೇ ಅವರ ಊಹೆ. ಸಿಕ್ಕ ಲೆಕ್ಕ ತಿರುವುಮುರುವಾಗಿತ್ತು: ಒಳ್ಳೆಯ ಮುಂದಾಳುಗಳಿದ್ದ ಕಡೆಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಒಳಹೊಕ್ಕು ನೋಡಿದಾಗ ಕಾರಣ ತಿಳಿಯಿತು. ಆ ವಾರ್ಡುಗಳ ನರ್ಸ್‌ಗಳು ತಪ್ಪನ್ನು ಹೇಳಿಕೊಳ್ಳಲು ಹೆದರುತ್ತಿರಲಿಲ್ಲ. ಬೇರೆ ಕಡೆ ತಪ್ಪುಗಳು ನಡೆಯುತ್ತಿದ್ದವು, ಹೊರಗೆ ಬರುತ್ತಿರಲಿಲ್ಲ.

ಇದನ್ನು ಮಲ್ಲಿಗೆಮೊಗ್ಗು ಅವರ ಮೊದಲ ಆಸ್ಪತ್ರೆಗೆ ಹಚ್ಚಿ ನೋಡಿ. ಅಲ್ಲಿ ಯಂತ್ರ ಎಷ್ಟು ಸಲ ಎಡವಿತು ಎಂಬ ಲೆಕ್ಕ ಯಾರ ಬಳಿಯೂ ಇರಲು ಸಾಧ್ಯವಿಲ್ಲ, ಏಕೆಂದರೆ ಹೇಳಿದವಳಿಗೆ ವಿವರಣೆ ಪತ್ರ ಕಾದಿತ್ತು. ಹಾಗಾಗಿ, ಸರ್, ಅನುಮಾನವನ್ನು ಕರಗಿಸುವವರನ್ನು ನಾನೂ ಒಳ್ಳೆಯ ನಾಯಕಿ ಎನ್ನುವುದಿಲ್ಲ. ಅನುಮಾನ ಕಾಗದಕ್ಕೆ ಇಳಿಯುವಂತೆ ಮಾಡುವವರು ಬೇಕು. ಮಿಶಿಗನ್‌ನಲ್ಲಿ ಲೆಕ್ಕ ತೆಗೆಯಲು ದತ್ತಾಂಶ ಇತ್ತು. ನಮ್ಮ ವಾರ್ಡಿನಲ್ಲಿ ದತ್ತಾಂಶ ಎಂದರೆ ರಾತ್ರಿ ಪಾಳಿಯ ಸಿಸ್ಟರ್ ಬರೆದ ಎರಡು ಸಾಲು.

ಬೆಣ್ಣೆನಗರಿ, ಈಗ ಇಂಗ್ಲೆಂಡ್
ಸೋಮವಾರ, ಸಂಜೆ 6:50

ದಾವಣಗೆರೆಯಿಂದ ಇಲ್ಲಿಗೆ ಬಂದು ಏಳು ವರ್ಷವಾಯಿತು. ಅಕ್ಕ, ನಿಮ್ಮ 14ನೇ ಹಾಸಿಗೆಯ ಅಜ್ಜನ ಬಗ್ಗೆ ಒಂದು ಮಾತು ಹೇಳಲೇಬೇಕು, ಬೇಸರಿಸಬೇಡಿ. ರೋಗಿ ಹದಗೆಡುತ್ತಿದ್ದಾರೆಯೇ ಎಂದು ಅಳೆಯಲು ಇಲ್ಲಿ ನಾವು ಬಳಸುವ ನ್ಯೂಸ್-2 ಅಂಕಪಟ್ಟಿಯಲ್ಲಿ, 2017ರ ಪರಿಷ್ಕರಣೆಯಿಂದ, ಅಂಥ ಶ್ವಾಸಕೋಶದವರಿಗೆ ಆಮ್ಲಜನಕದ ಬೇರೆಯೇ ಮಾಪನವಿದೆ. 88ರಿಂದ 92 ಅವರಿಗೆ ಗುರಿ. ಆದರೆ ಆ ಮಾಪನಕ್ಕೆ ಬದಲಾಯಿಸುವುದನ್ನು ವೈದ್ಯರು ತೀರ್ಮಾನಿಸಿ ಬರೆಯಬೇಕು. ಅಂದರೆ ಅಜ್ಜ ದಾಖಲಾದ ದಿನವೇ ‘ಇವರಿಗೆ ಎಷ್ಟು ಸಾಕು?’ ಎಂದು ಡಾಕ್ಟರರಿಂದ ಬರೆಸಿಕೊಂಡಿದ್ದರೆ ರಾತ್ರಿ ಎರಡೂವರೆಗೆ ನೀವು ಒಬ್ಬರೇ ನಿರ್ಧರಿಸಬೇಕಾಗುತ್ತಿರಲಿಲ್ಲ. ಅದನ್ನು ಬರೆಸುವುದು ಇನ್‌ಚಾರ್ಜ್ ಕೆಲಸ. ಈಗ ಅದು ನಿಮ್ಮ ಕೆಲಸ. ಹೊಸ ವ್ಯವಸ್ಥೆಯಲ್ಲಿ ಪ್ರತಿ ರೋಗಿಗೂ ಮಿತಿ ಬದಲಾಯಿಸಲು ಬರುತ್ತದೆಯೇ ಎಂದು ಕಂಪನಿಯವರನ್ನು ಮೊದಲೇ ಕೇಳಿ.

ಇನ್ನೊಂದು ಸಂಗತಿ. 2021ರಲ್ಲಿ ಇಲ್ಲಿ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಹುಡುಗಿ ಸೆಪ್ಸಿಸ್‌ನಿಂದ ತೀರಿಕೊಂಡಳು. ಮಗಳು ಹದಗೆಡುತ್ತಿದ್ದಾಳೆ ಎಂದು ತಂದೆತಾಯಿ ಹೇಳಿದ ಮಾತಿಗೆ ಬೆಲೆ ಸಿಕ್ಕಿರಲಿಲ್ಲ. ಆ ತಂದೆತಾಯಿಯ ಹೋರಾಟದ ಫಲವಾಗಿ 2024ರಿಂದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ‘ಮಾರ್ಥಾ ನಿಯಮ’ ಬರತೊಡಗಿದೆ. ಅಂಕ ಏನೇ ಇರಲಿ, ಮನೆಯವರಾಗಲಿ ಸಿಬ್ಬಂದಿಯಾಗಲಿ ದಿನದ ಯಾವ ಹೊತ್ತಿನಲ್ಲೂ ಬೇರೊಂದು ತಂಡವನ್ನು ಕರೆಸಬಹುದು. ಪರದೆ ಹಸಿರಾಗಿದ್ದರೂ ‘ನನಗೆ ಏನೋ ಸರಿಯಿಲ್ಲ ಅನ್ನಿಸುತ್ತಿದೆ’ ಎನ್ನಲು ದಾರಿಯಿರಬೇಕು. ನಾವೆಲ್ಲ ಕೆಂಪು ದೀಪದ ಬಗ್ಗೆಯೇ ಮಾತನಾಡುತ್ತಿದ್ದೇವೆ. ನನಗೆ ಹೆಚ್ಚು ಹೆದರಿಕೆ ಹಸಿರು ದೀಪದ್ದು.

ಹೊಸಚಿಗುರು, ಹುಬ್ಬಳ್ಳಿ
ಸೋಮವಾರ, ರಾತ್ರಿ 10:20

ನಾನು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಎರಡು ವರ್ಷ. ಹಿರಿಯರ ನಡುವೆ ಮಾತನಾಡಲು ಸಂಕೋಚ, ಆದರೂ ಬೆಣ್ಣೆನಗರಿ ಅಕ್ಕ ಹೇಳಿದ ಹಸಿರು ದೀಪದ ಮಾತು ನನ್ನದೇ ಕಥೆ. ನಾನು ಕೆಲಸಕ್ಕೆ ಸೇರಿದಾಗಲೇ ಪರದೆ ಇತ್ತು. ರೌಂಡ್ಸ್‌ಗೆ ಹೋಗುವ ಮೊದಲು ಅದನ್ನು ನೋಡುತ್ತಿದ್ದೆ. ಹಸಿರಿದ್ದರೆ ಆ ರೋಗಿಯ ಬಳಿ ಅರ್ಧ ನಿಮಿಷ, ಅಷ್ಟೇ. ನಮ್ಮ ಇನ್‌ಚಾರ್ಜ್ ಅಕ್ಕ ಇದನ್ನು ಗಮನಿಸಿದರು. ಬೈಯಲಿಲ್ಲ. ಡ್ಯೂಟಿ ಶುರುವಾಗುವಾಗ ಪರದೆ ನೋಡದೆ ಮೊದಲು ಎಲ್ಲ ರೋಗಿಗಳನ್ನೂ ನೋಡಿ, ಯಾರ ಬಗ್ಗೆ ಚಿಂತೆ ಎಂದು ಚೀಟಿಯಲ್ಲಿ ಬರೆದು, ಆಮೇಲೆ ಪರದೆಯ ಜೊತೆ ಹೋಲಿಸಲು ಹೇಳಿದರು. ಮೊದಲ ವಾರ ನನ್ನ ಚೀಟಿಗೂ ಪರದೆಗೂ ಹೊಂದುತ್ತಲೇ ಇರಲಿಲ್ಲ. ಪ್ರತಿ ಸಲವೂ ಅಕ್ಕ ನನ್ನನ್ನು ಹಾಸಿಗೆಯ ಹತ್ತಿರ ಕರೆದುಕೊಂಡು ಹೋಗಿ ‘ನೀನು ಏನು ಕಂಡೆ? ಅದು ಏನು ಕಂಡಿತು?’ ಎಂದು ಕೇಳುತ್ತಿದ್ದರು. ಮೂರು ತಿಂಗಳಾದ ಮೇಲೆ ಪರದೆಗಿಂತ ಮೊದಲೇ ಒಬ್ಬ ಅಮ್ಮನ ಕೈ ತಣ್ಣಗಾಗಿದ್ದನ್ನು ನಾನು ಹಿಡಿದೆ. ಆ ಚೀಟಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಪಾಠದಕೋಣೆ, ಮಂಗಳೂರು
ಸೋಮವಾರ, ರಾತ್ರಿ 11:10

ಚಿಗುರು, ನಿನ್ನ ಇನ್‌ಚಾರ್ಜ್‌ಗೆ ನನ್ನ ನಮಸ್ಕಾರ ತಿಳಿಸಮ್ಮ. ನಿನ್ನ ಚೀಟಿಯಂಥದ್ದನ್ನೇ ಮೂಲವಾಗಿಟ್ಟುಕೊಂಡು ಕಟ್ಟಿದ ವ್ಯವಸ್ಥೆಯೊಂದಿದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನರ್ಸ್ ಆಗಿದ್ದ ವಿಜ್ಞಾನಿಯೊಬ್ಬರ ಮುಂದಾಳತ್ವದಲ್ಲಿ ‘ಕನ್ಸರ್ನ್’ ಎಂಬುದನ್ನು ರೂಪಿಸಿದರು. ಕನ್ಸರ್ನ್ ಎಂದರೆ ಕಳವಳ. ರೋಗಿಯ ಬಗ್ಗೆ ಕಳವಳವಾದಾಗ ನರ್ಸ್ ಏನು ಮಾಡುತ್ತಾಳೆ? ಹೇಳಿದ್ದಕ್ಕಿಂತ ಹೆಚ್ಚು ಸಲ ಹೋಗಿ ನೋಡುತ್ತಾಳೆ, ಹೊತ್ತಲ್ಲದ ಹೊತ್ತಿನಲ್ಲಿ ಬಿ.ಪಿ. ನೋಡಿ ಬರೆಯುತ್ತಾಳೆ, ಒಂದು ಟಿಪ್ಪಣಿ ಹೆಚ್ಚು ಹಾಕುತ್ತಾಳೆ. ಆ ಯಂತ್ರ ಓದುವುದು ಈ ಬರವಣಿಗೆಯ ಗತಿಯನ್ನು. 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 60 ಸಾವಿರಕ್ಕೂ ಹೆಚ್ಚು ಆಸ್ಪತ್ರೆ ದಾಖಲಾತಿಗಳಿದ್ದವು. ಅದನ್ನು ಬಳಸಿದ ವಾರ್ಡುಗಳಲ್ಲಿ ಸಾವಿನ ಅಪಾಯ ಶೇ. 35.6ರಷ್ಟು ಕಡಿಮೆಯಾಗಿತ್ತು. ನರ್ಸ್‌ಗೆ ಗೊತ್ತಿರುತ್ತದೆ ಎಂಬ ನಂಬಿಕೆಯಿಂದ ಹೊರಟವರು ಕಟ್ಟಿದ ಯಂತ್ರವಿದು.

ಹನ್ನೆರಡುಗಂಟೆ, ಬೆಂಗಳೂರು, ಐಸಿಯು
ಮಂಗಳವಾರ, ಬೆಳಿಗ್ಗೆ 9:00

ಮೇಡಂ, ಕೇಳಿ ನಿಜಕ್ಕೂ ಸಂತೋಷವಾಯಿತು. ಆದರೆ ಅದೇ ಲೆಕ್ಕವನ್ನು ನಮ್ಮಲ್ಲಿಗೆ ತನ್ನಿ. ಒಬ್ಬ ನರ್ಸ್‌ಗೆ ಹದಿನಾರು ರೋಗಿಗಳಿದ್ದರೆ, ಕಳವಳವಾದರೂ ಇನ್ನೊಂದು ಸಲ ಹೋಗಲು ಆಗುವುದಿಲ್ಲ, ಬರೆಯಲು ಆಗುವುದಿಲ್ಲ. ಆಗ ಆ ಯಂತ್ರಕ್ಕೆ ಓದಲು ಏನೂ ಇರುವುದಿಲ್ಲ. ಎಲ್ಲ ಸರಿಯಿದೆ ಎಂದೇ ಅದು ತಿಳಿಯುತ್ತದೆ. ರೋಸ್ಟರ್ ಖಾಲಿಯಾದಷ್ಟೂ ಯಂತ್ರ ಕುರುಡಾಗುತ್ತದೆ. ಇನ್‌ಚಾರ್ಜ್ ಆದವರು ಇದನ್ನು ಮೇಲಿನವರ ಮುಂದೆ ಹೇಳಬೇಕು. ಚಿಗುರು ಅವರ ಇನ್‌ಚಾರ್ಜ್ ಮಾಡಿದ್ದು ಕಲಿಸುವ ಕೆಲಸ, ನಾನು ತಲೆಬಾಗುತ್ತೇನೆ. ಆದರೆ ಹಾಸಿಗೆಯ ಹತ್ತಿರ ನಿಂತು ಹಾಗೆ ಕಲಿಸಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಯಾರು ಕೊಡುತ್ತಾರೆ?

ಅಪ್ಪನಜೊತೆ, ಮಂಡ್ಯ
ಮಂಗಳವಾರ, ಮಧ್ಯಾಹ್ನ 12:40

ನಾನು ನರ್ಸ್ ಅಲ್ಲ. ತಂದೆಯವರ ಜೊತೆ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದೆ. ಆ ಪರದೆ ನಮಗೂ ಕಾಣುತ್ತಿತ್ತು. ಹಳದಿ ಬಂದಾಗಲೆಲ್ಲ ನನ್ನ ತಾಯಿ ಅಳುತ್ತಿದ್ದರು. ಸಿಸ್ಟರ್‌ಗಳು ‘ಏನಿಲ್ಲ, ಏನಿಲ್ಲ’ ಎಂದು ಹೋಗಿಬಿಡುತ್ತಿದ್ದರು. ಏನಿಲ್ಲ ಎಂದರೆ ಹಳದಿ ಏಕೆ ಎಂದು ಯಾರನ್ನು ಕೇಳಬೇಕು?

ಮಲ್ಲಿಗೆಮೊಗ್ಗು, ಮೈಸೂರು
ಮಂಗಳವಾರ, ಮಧ್ಯಾಹ್ನ 2:15

ಸರ್, ನಿಮ್ಮ ತಾಯಿಯವರ ಸಂಕಟ ಅರ್ಥವಾಗುತ್ತದೆ. ಕೇಳಬೇಕಾದದ್ದು ನಮ್ಮನ್ನೇ. ‘ಏನಿಲ್ಲ’ ಎನ್ನುವುದು ನಮಗೇ ಹಳದಿಯ ಅರ್ಥ ಸರಿಯಾಗಿ ಗೊತ್ತಿಲ್ಲದಾಗ ಬರುವ ಮಾತು, ನಾನೂ ಹೇಳಿದ್ದೇನೆ. ರೋಗಿಯ ಮನೆಯವರಿಗೆ ಏನು ಹೇಳಬೇಕು ಎಂಬುದು ನನ್ನ ಪಟ್ಟಿಯಲ್ಲಿರಲಿಲ್ಲ, ಈಗ ಬರೆದುಕೊಂಡೆ. ತಂದೆಯವರು ಈಗ ಹೇಗಿದ್ದಾರೆ?

ಅಪ್ಪನಜೊತೆ, ಮಂಡ್ಯ
ಮಂಗಳವಾರ, ಮಧ್ಯಾಹ್ನ 2:50

ಮನೆಯಲ್ಲಿದ್ದಾರೆ, ಸಿಸ್ಟರ್. ಗದ್ದೆಯವರೆಗೆ ನಡೆಯುತ್ತಾರೆ.

ಮಲ್ಲಿಗೆಮೊಗ್ಗು, ಮೈಸೂರು
ಶುಕ್ರವಾರ, ರಾತ್ರಿ 9:10

ನಿನ್ನೆ ನಮ್ಮ ಸೂಪರಿಂಟೆಂಡೆಂಟ್ ಮೇಡಂ ಮತ್ತು ವೈದ್ಯಕೀಯ ನಿರ್ದೇಶಕರ ಜೊತೆ ಒಂದು ಗಂಟೆ ಕುಳಿತೆ. ನಿಮ್ಮ ಮಾತುಗಳನ್ನು ಅಚ್ಚು ಹಾಕಿಸಿಕೊಂಡು ಹೋಗಿದ್ದೆ.

ಸಿಕ್ಕಿದ್ದು: ಎಚ್ಚರಿಕೆಗೆ ನರ್ಸ್ ಹೇಗೆ ಸ್ಪಂದಿಸಿದರು ಎಂಬುದನ್ನು ವಾರ್ಷಿಕ ಮೌಲ್ಯಮಾಪನದಲ್ಲಾಗಲಿ ವಿವರಣೆ ಕೇಳಲಿಕ್ಕಾಗಲಿ ಬಳಸುವುದಿಲ್ಲ ಎಂದು ಸಹಿ ಹಾಕಿದ ಕಾಗದ. ಹ್ಯಾಂಡೋವರ್ ಪುಸ್ತಕದಲ್ಲಿ ಹೊಸದಾಗಿ ಎರಡು ಅಂಕಣ. ಒಂದು, ಯಂತ್ರ ಕೆಂಪು ಎಂದಿತು, ನಾನು ಕಂಡದ್ದು ಬೇರೆ. ಇನ್ನೊಂದು, ಯಂತ್ರ ಹಸಿರು ಎಂದಿತು, ನನಗೆ ಚಿಂತೆಯಾಯಿತು. ಎರಡನೆಯದು ಬೆಣ್ಣೆನಗರಿ ಅವರಿಂದ ಬಂದದ್ದು. ದಾಖಲಾದ ದಿನವೇ ಪ್ರತಿ ರೋಗಿಗೆ ಮಿತಿ ಬರೆಯಲು ವೈದ್ಯರು ಒಪ್ಪಿದ್ದಾರೆ, ವ್ಯವಸ್ಥೆಯಲ್ಲೂ ಅದಕ್ಕೆ ಅವಕಾಶವಿದೆಯಂತೆ. ಮನೆಯವರಿಗೆ ಬಣ್ಣಗಳ ಅರ್ಥ ಹೇಳುವ ಕನ್ನಡದ ಹಾಳೆಯೊಂದನ್ನು ನಾನೇ ಬರೆಯುತ್ತಿದ್ದೇನೆ.

ಸಿಗದೇ ಇದ್ದದ್ದು: ರಾತ್ರಿಗೆ ಇನ್ನೊಬ್ಬ ನರ್ಸ್. ಹನ್ನೆರಡುಗಂಟೆ ಸರ್, ನಿಮ್ಮ ಪ್ರಶ್ನೆಗೆ ಅಂದೇ ಉತ್ತರಿಸಬೇಕಿತ್ತು. ನಮ್ಮ 32 ಹಾಸಿಗೆಗೆ ರಾತ್ರಿ ಮೂವರು. ‘ಈಗ ಯಂತ್ರ ಬರುತ್ತಿದೆಯಲ್ಲ’ ಎಂದು ನಿರ್ದೇಶಕರು ಹೇಳಿದರು. ನೀವು ಬರೆದ ಮಾತನ್ನೇ ಹೇಳಿದೆ, ಮೂವರಿಗೆ ನೋಡಲಾಗದ್ದನ್ನು ಯಂತ್ರ ತೋರಿಸಿದರೂ ಹೋಗಿ ನೋಡಬೇಕಾದವರು ಆ ಮೂವರೇ ಎಂದೂ ಹೇಳಿದೆ. ಮೂರು ತಿಂಗಳ ಎಚ್ಚರಿಕೆಗಳ ಲೆಕ್ಕ ತನ್ನಿ, ಆಗ ನೋಡೋಣ ಎಂದರು. ತರುತ್ತೇನೆ.

ಮೊದಲ ಎರಡು ವಾರ ನನಗೆ ನಾನೇ ನೈಟ್ ಡ್ಯೂಟಿ ಹಾಕಿಕೊಂಡಿದ್ದೇನೆ.

ಹನ್ನೆರಡುಗಂಟೆ, ಬೆಂಗಳೂರು, ಐಸಿಯು
ಶುಕ್ರವಾರ, ರಾತ್ರಿ 11:45

ಸಿಸ್ಟರ್, ಆ ಲೆಕ್ಕ ಹಾಕುವಾಗ ಕೆಂಪು ಬಂದ ಗಂಟೆಯನ್ನಷ್ಟೇ ಬರೆಯಬೇಡಿ. ಕೆಂಪು ಬಂದ ಹೊತ್ತಿಗೂ ನರ್ಸ್ ಹಾಸಿಗೆಯ ಹತ್ತಿರ ತಲುಪಿದ ಹೊತ್ತಿಗೂ ನಡುವೆ ಎಷ್ಟು ನಿಮಿಷ, ಆಗ ಅವರು ಬೇರೆ ಯಾವ ರೋಗಿಯ ಬಳಿ ಇದ್ದರು, ಇವೆರಡನ್ನೂ ಬರೆಸಿ. ನಾಲ್ಕನೆಯ ನರ್ಸ್ ಅನ್ನು ತರುವ ಅಂಕಣ ಅದೇ. ಪಟ್ಟಿ ಹಾಕಲು ನೆರವು ಬೇಕಾದರೆ ಹೇಳಿ, ಮುಂದಿನ ಭಾನುವಾರ ನನಗೆ ರಜೆಯಿದೆ, ಮೈಸೂರಿಗೆ ಬರುತ್ತೇನೆ.